ಅಜ್ಜಿಯ ಬೆರಳುಗಳಲ್ಲಿ ಹದಿನೆಂಟು ಕೈ

ಹೋದ ತಿಂಗಳು ಕಡಿಯಾಳಿಯ ದೇವಸ್ಥಾನದಲ್ಲಿ ಅರ್ಚಕರು ನನ್ನ ಕೈಗೆ ಪ್ರಸಾದ ಹಾಕಿದರು. ಬಾಳೆಲೆಯ ತುಂಡಿನಲ್ಲಿ ಗಂಧ, ಕುಂಕುಮ, ನಾಲ್ಕು ಎಸಳು ಹಿಂಗಾರ. ಅಡಿಕೆಯ ಹೂವಾದ ಈ ಹಿಂಗಾರಕ್ಕೆ ಬಿಡಿಸಿದ ಕೂಡಲೇ ಒಂದು ಪರಿಮಳ, ಅರ್ಧ ದಿನ ಕಳೆದ ಮೇಲೆ ಇನ್ನೊಂದು. ಎರಡನೆಯದರಲ್ಲಿ ಸ್ವಲ್ಪ ಹುಳಿ ಇರುತ್ತದೆ. ಪ್ರಸಾದವನ್ನು ಕರವಸ್ತ್ರದಲ್ಲಿ ಕಟ್ಟಿ ಚೀಲಕ್ಕೆ ಹಾಕಿ ಮರೆತಿದ್ದೆ. ಸಂಜೆ ಬಿಚ್ಚಿದಾಗ ಮೂಗಿಗೆ ಬಂದದ್ದು ಆ ಎರಡನೆಯ ವಾಸನೆ. ಅಷ್ಟೇ, ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದೆ, ಪುನಃ ಬಂದು ಕೂತೆ, ಪುನಃ ಎದ್ದೆ.

"ಎಂತ ಆಯ್ತು ಅತ್ತೆ ನಿಮಗೆ?" ಎಂದು ಸೊಸೆ ಕೇಳಿದಳು.

ಎಂತ ಹೇಳುವುದು? ನಲ್ವತ್ತು ವರ್ಷಕ್ಕೂ ಹಿಂದೆ, ಒಂದು ಪ್ರಶ್ನೆ ಒಂದಿಡೀ ಮಳೆಗಾಲ ನನ್ನನ್ನು ಹೀಗೆಯೇ ಎಬ್ಬಿಸಿ ಕೂರಿಸಿ ಓಡಾಡಿಸಿತ್ತು. ಅದು ಮುಗಿದ ದಿನವೂ ನನ್ನ ಕೈಯಲ್ಲಿ ಇದೇ ವಾಸನೆ ಇತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೆರಡು ವರ್ಷ. ಕಡಿಯಾಳಿಯಲ್ಲಿ ಮನೆ, ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ಬೆಳಿಗ್ಗೆ ಬಸ್ಸಿನಲ್ಲಿ ಗುಡ್ಡ ಹತ್ತಿ ಹೋಗಿ ಸಂಜೆಯವರೆಗೆ ಯಾರೋ ಹೇಳಿದ ಇಂಗ್ಲಿಷ್ ಕಾಗದಗಳನ್ನು ಬಡಿಯುವುದು, ಇಳಿದು ಬಂದು ಮನೆಯಲ್ಲಿ ತುಳು ಮಾತನಾಡುವುದು. ಕನ್ನಡವೆಂದರೆ ನನಗೆ ಪೆಟ್ಟಿಗೆಯಲ್ಲಿಟ್ಟ ಪಟ್ಟೆ ಸೀರೆ. ಉಡಬೇಕಾದಾಗ ತೆಗೆಯುವುದು, ಮಡಿಕೆ ಕೆಡದ ಹಾಗೆ ಉಡುವುದು, ಪುನಃ ಅದೇ ಮಡಿಕೆಯಲ್ಲಿ ಒಳಗಿಡುವುದು. ಆ ಸೀರೆಯನ್ನು ನನಗೆ ಉಡಲು ಕಲಿಸಿದವರು ದೊಡ್ಡಪ್ಪ. ನಿವೃತ್ತ ಶಾಲಾ ಮಾಸ್ತರರು. ಸಂಜೆ ಕಾಲು ತೊಳೆದು ಬಂದು ಜಗಲಿಯಲ್ಲಿ ಪುರಾಣ ಓದುವರು. ಎದುರು ಕೂತು ಕೇಳಿದ ವಾಕ್ಯಗಳನ್ನು ನಾನು ಮರುದಿನ ಬಸ್ಸಿನಲ್ಲಿ ತುಟಿ ಅಲ್ಲಾಡಿಸಿಕೊಂಡು ಹೇಳಿಕೊಳ್ಳುತ್ತಿದ್ದೆ. ಕವಿತೆ ಬರೆಯುವ ಹುಚ್ಚೂ ಇತ್ತು. ಆದರೆ ಬರೆದದ್ದೆಲ್ಲ ದೊಡ್ಡಪ್ಪನ ಪುರಾಣದ ವಾಕ್ಯಗಳನ್ನು ಅರ್ಧಕ್ಕೆ ಮುರಿದು ಒಂದರ ಕೆಳಗೊಂದು ಜೋಡಿಸಿದ ಹಾಗೆ ಕಾಣುತ್ತಿತ್ತು.

ಕಥೆ ಕಲಿಸಿದವರು ಅಜ್ಜಿ. ಅವರಿಗೆ ಓದು ಬರಹ ಇರಲಿಲ್ಲ. ದೇವಿ ಹುಟ್ಟಿದ ಕಥೆಯನ್ನು ತುಳುವಿನಲ್ಲಿ, ಬೆರಳು ಮಡಚಿ ಹೇಳುವರು. ಮಹಿಷಾಸುರನ ಉಪದ್ರ ತಾಳಲಾರದೆ ದೇವತೆಗಳು ತಮ್ಮ ತಮ್ಮ ತೇಜಸ್ಸನ್ನು ಹೊರಗೆ ಬಿಟ್ಟರು, ಅದೆಲ್ಲ ಒಟ್ಟಾಗಿ ಒಬ್ಬಳು ಹೆಣ್ಣಾಯಿತು. ಅವಳಿಗೆ ಹದಿನೆಂಟು ಕೈ. ಶಿವ ತ್ರಿಶೂಲ ಕೊಟ್ಟ, ಒಂದು ಬೆರಳು. ವಿಷ್ಣು ಚಕ್ರ ಕೊಟ್ಟ, ಎರಡನೆಯ ಬೆರಳು. ವರುಣ ಶಂಖ, ಇಂದ್ರ ವಜ್ರಾಯುಧ, ಯಮ ದಂಡ. ಹತ್ತು ಬೆರಳು ಮುಗಿದ ಮೇಲೆ ಅಜ್ಜಿ ಕಾಲು ಚಾಚುವರು. ಎಡಗಾಲಿನ ಐದು, ಬಲಗಾಲಿನ ಮೂರು.

"ಉಳಿದ ಎರಡು ಬೆರಳು ಯಾರಿಗೆ ಅಜ್ಜಿ?" ಎಂದು ನಾನು ಪ್ರತಿ ಸಲವೂ ಕೇಳುತ್ತಿದ್ದೆ.

"ಅದು ನನಗೆ ಇರಲಿ ಮಗಾ. ನಡೆಯಲಿಕ್ಕೆ ಬೇಡವಾ?"

ಆಮೇಲೆ ನಮ್ಮ ಮುಖಗಳನ್ನೆಲ್ಲ ಒಮ್ಮೆ ನೋಡಿ, ಹಲ್ಲಿಲ್ಲದ ಬಾಯಿ ತೆರೆದು, ಹೊಟ್ಟೆ ಅಲುಗುವ ಹಾಗೆ ನಗುವರು. ಮಕ್ಕಳಾದ ನಮಗೆ ಬೇಕಾದದ್ದು ಯುದ್ಧ. "ಮತ್ತೆ? ಮತ್ತೆ ಎಂತ ಆಯ್ತು?" ಎಂದು ಸೆರಗು ಎಳೆಯುತ್ತಿದ್ದೆವು. ನಮ್ಮ ಆತುರ ಕಂಡು ನಗುತ್ತಾರೆಂದೇ ನಾನು ತಿಳಿದಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಅಜ್ಜಿಗೆ ಪಕ್ಷವಾತ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಒಳಗಿನ ಕೋಣೆಯಲ್ಲಿ ಮಲಗಿ ಜಂತಿ ನೋಡುವುದು, ನಾವು ಹತ್ತಿರ ಹೋದರೆ ನಮ್ಮನ್ನು ನೋಡುವುದು, ಅಷ್ಟೇ ಉಳಿಯಿತು. ಗುರುತು ಸಿಗುತ್ತದೋ ಇಲ್ಲವೋ ಎಂದು ಅಮ್ಮನಿಗೂ ಸಂಶಯ.

ಅದೇ ಬೇಸಿಗೆಯಲ್ಲಿ ಹಿರಿಯಡ್ಕದಲ್ಲಿ ಹೆಂಗಸರ ತಾಳಮದ್ದಳೆಯ ಕೂಟ ಶುರುವಾಯಿತು, ನಾನೂ ಹೋಗಿ ಸೇರಿಕೊಂಡೆ. ತಾಳಮದ್ದಳೆ ಯಕ್ಷಗಾನದ್ದೇ ಕೂಸು, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಸಾಲಾಗಿ ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಪದಕ್ಕೆ ಅರ್ಥ ಹೇಳುತ್ತಾರೆ. ಅರ್ಥ ಎಂದರೆ ಬರೀ ಅರ್ಥವಲ್ಲ, ಮಾತಿನಲ್ಲೇ ಕಟ್ಟುವ ಕಾವ್ಯ. ಯಾರೂ ಬರೆದುಕೊಡುವುದಿಲ್ಲ. ಎದುರಿನ ಪಾತ್ರ ಏನು ಕೇಳುತ್ತದೋ ಅದಕ್ಕೆ ಅಲ್ಲೇ, ಆಗಲೇ ಮಾತು ಹುಟ್ಟಬೇಕು. ಗಂಡಸರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದನ್ನು ಹೆಂಗಸರು ಮಾಡುತ್ತಾರೆಂದರೆ ಆಗ ಊರಿಗೆ ಒಂದು ತಮಾಷೆ.

ಕೂಟ ಕಟ್ಟಿದವರು ವಾರಿಜಾ ಟೀಚರ್. ಅಜೆಕಾರಿನ ಕಡೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಐವತ್ತರ ಹತ್ತಿರ, ದೊಡ್ಡ ಮೈ, ಅದಕ್ಕಿಂತ ದೊಡ್ಡ ಸ್ವರ, ಬಾಯಲ್ಲಿ ಸದಾ ಎಲೆ ಅಡಿಕೆ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಹಾಗಾಗಿ ನಮ್ಮಿಬ್ಬರ ಮಾತೆಲ್ಲ ಕನ್ನಡದಲ್ಲಿ. ದೇವಿಯ ಪ್ರಸಂಗ ಎಂದು ನಿಶ್ಚಯವಾದಾಗ ಮಹಿಷಾಸುರನನ್ನು ಅವರೇ ಇಟ್ಟುಕೊಂಡರು.

"ಕೋಣನಿಗೆ ಇನ್ನು ಯಾರನ್ನು ಹುಡುಕಿಕೊಂಡು ಹೋಗುವುದು ಮಾರಾಯ್ತಿ? ನನ್ನನ್ನು ನೋಡಿದರೆ ವೇಷವೇ ಬೇಡ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ದೇವಿ ನೀನು ಮಾಡು. ನಿನ್ನ ಕನ್ನಡ ಚಂದ ಉಂಟು," ಎಂದರು.

ಚಂದ ಇದ್ದದ್ದು ದೊಡ್ಡಪ್ಪನ ಕನ್ನಡ. ಸುದ್ದಿ ಕೇಳಿದ ಕೂಡಲೇ ಅವರು ಹೊಸ ನೋಟುಪುಸ್ತಕ ತಂದು, ನಾಲ್ಕು ದಿನ ಕೂತು, ನಲ್ವತ್ತು ಪುಟ ದೇವಿಯ ಅರ್ಥ ಬರೆದರು. ಯಾವ ದೇವರು ಯಾವ ಆಯುಧ ಕೊಟ್ಟ, ಆ ಆಯುಧದ ಒಳಾರ್ಥವೇನು, ಮಹಿಷ ಹೀಗೆ ಕೇಳಿದರೆ ಹೀಗೆ ಹೇಳುವುದು, ಹಾಗೆ ಕೇಳಿದರೆ ಹಾಗೆ. ನಾನು ಬಾಯಿಪಾಠ ಮಾಡಿದೆ. ಬಸ್ಸಿನಲ್ಲಿ, ಬಾವಿಕಟ್ಟೆಯಲ್ಲಿ, ಟೈಪ್‌ರೈಟರಿನ ಎದುರು. ಕಾಗದಕ್ಕೆ ಅಂಟಿಕೊಂಡ ಅರ್ಥ ಅರ್ಥವೇ ಅಲ್ಲ ಎಂಬುದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಹುಡುಗಿ ಸಭೆಯಲ್ಲಿ ತಡವರಿಸಬಾರದು ಎಂಬ ಪ್ರೀತಿ. ಹಿರಿಯಡ್ಕದ ಶನಿವಾರದ ಅಭ್ಯಾಸಗಳಲ್ಲಿ ನಾನು ನೀರು ಹರಿದ ಹಾಗೆ ಹೇಳಿದೆ. ಟೀಚರ್ ಎಲೆ ಅಡಿಕೆ ಜಗಿಯುತ್ತ ಸುಮ್ಮನೆ ಕೇಳಿದರು. ಎಲ್ಲಿಯೂ ತಡೆಯಲಿಲ್ಲ.

ಮೊದಲ ಕೂಟ ಜಡಿಮಳೆಯ ಆಟಿ ತಿಂಗಳಲ್ಲಿ, ಕಾಪುವಿನಲ್ಲಿ, ಕಡಲಿಗೆ ಹತ್ತಿರದ ಒಂದು ಭಜನಾ ಮಂದಿರದಲ್ಲಿ. ಆಟಿಯಲ್ಲಿ ದೋಣಿಗಳು ದಡದಲ್ಲಿ ಇರುತ್ತವೆ, ಜನಕ್ಕೆ ಪುರುಸೊತ್ತು. ಮಧ್ಯಾಹ್ನ ಮೂರು ಗಂಟೆಗೇ ಮಂದಿರ ತುಂಬಿತು. ಗಂಡಸರು ಗೋಡೆಗೆ ಒರಗಿ ಬಲೆ ಹೊಲಿಯುತ್ತಿದ್ದರು, ಹೆಂಗಸರು ಒದ್ದೆ ಸೆರಗು ಹಿಂಡಿಕೊಂಡು ಎದುರು ಕೂತಿದ್ದರು. ಹೊರಗೆ ಮಳೆ, ಅದರ ಹಿಂದೆ ಕಡಲು. ಎರಡೂ ಸೇರಿ ಭಾಗವತರ ಸ್ವರವನ್ನು ಅರ್ಧ ನುಂಗುತ್ತಿದ್ದವು.

ಮೊದಲ ಅರ್ಧ ಗಂಟೆ ನಾನು ಗೆದ್ದೆ. ತ್ರಿಶೂಲ, ಚಕ್ರ, ಶಂಖ, ಹಿಮವಂತ ಕೊಟ್ಟ ಸಿಂಹ, ಕುಬೇರ ಕೊಟ್ಟ ಮಧುಪಾತ್ರೆ, ಒಂದನ್ನೂ ಬಿಡದೆ ವರ್ಣಿಸಿದೆ. ಬಲೆಯ ಸೂಜಿಗಳು ನಿಂತಿದ್ದು ಕಂಡಿತು. ಆಗ ಮಹಿಷನಾದ ಟೀಚರ್ ಸ್ವಲ್ಪ ಮುಂದೆ ಬಾಗಿದರು.

"ಭಲೇ ಹೆಣ್ಣೇ! ಎಲ್ಲವನ್ನೂ ಕೇಳಿದೆ. ನಿನ್ನ ಮುಖ ಶಿವನ ತೇಜಸ್ಸು. ತೋಳು ವಿಷ್ಣುವಿನದು. ಕೂದಲು ಯಮನದು. ತ್ರಿಶೂಲ ಕೊಟ್ಟವನೊಬ್ಬ, ಸಿಂಹ ಕೊಟ್ಟವನಿನ್ನೊಬ್ಬ. ನೀನು ಹೇಳಿದ್ದೆಲ್ಲ ಬೇರೆಯವರದ್ದಾಯಿತು. ನಿನ್ನದು ಎಂಬುದು ಏನಿದೆ, ಅದೊಂದನ್ನು ಹೇಳು!"

ನೋಟುಪುಸ್ತಕದ ನಲ್ವತ್ತು ಪುಟಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಪುಟಗಳನ್ನು ಒಳಗೊಳಗೇ ಮಗುಚಿದೆ, ಹಿಂದಕ್ಕೆ ಹೋದೆ, ಮುಂದಕ್ಕೆ ಬಂದೆ. ಬಾಯಿ ತೆರೆದದ್ದು ನೆನಪುಂಟು. ಏನೂ ಬರಲಿಲ್ಲ. ಮಾಡಿನ ಮೇಲೆ ಮಳೆ ಬೀಳುವುದು ಮಾತ್ರ ಕೇಳುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಕೊನೆಗೆ ಭಾಗವತರು ಕೆಮ್ಮಿ, ನಡುವಿನ ನಾಲ್ಕು ಪದ ಹಾರಿಸಿ ನೇರ ಯುದ್ಧದ ಪದ ಎತ್ತಿಕೊಂಡರು. ದೇವಿ ಒಂದು ಮಾತಿಲ್ಲದೆ ಮಹಿಷನನ್ನು ಕೊಂದಳು.

ಮುಗಿದ ಮೇಲೆ ಒಬ್ಬಳು ಮುದುಕಿ ಅವಲಕ್ಕಿಯ ತಟ್ಟೆ ಹಿಡಿದುಕೊಂಡು ಬಂದಳು. "ತಿನ್ನು ಮಗಾ. ಹಸಿದ ಹೊಟ್ಟೆಯಲ್ಲಿ ಅಷ್ಟೆಲ್ಲ ಆಯುಧ ಹಿಡಿದುಕೊಂಡರೆ ಮಾತು ಹೇಗೆ ಬರುತ್ತದೆ?" ಅವಳ ಕರುಣೆ ನುಂಗುವುದು ಅವಲಕ್ಕಿಗಿಂತ ಕಷ್ಟವಾಯಿತು.

ವಾಪಸು ಬರುವ ಬಸ್ಸಿನಲ್ಲಿ ಪದ್ದು ಮಾವ ಇದ್ದರು. ಸಂಬಂಧದಲ್ಲಿ ಮಾವ ಅಲ್ಲ, ಬೀದಿಗೆಲ್ಲ ಮಾವ. ಹಳೆಯ ಅರ್ಥಧಾರಿ. ನವರಾತ್ರಿಯಲ್ಲಿ ನಮ್ಮ ಬೀದಿಯವರು ಹಾಕುವ ಚಪ್ಪರದಲ್ಲಿ ಯಾವ ದಿನ ಯಾವ ಕಾರ್ಯಕ್ರಮ ಎಂದು ನಿಶ್ಚಯಿಸುವವರು ಅವರೇ. ನನ್ನ ಮುಂದಿನ ಸೀಟಿನಲ್ಲಿ ಕೂತು, ಪಕ್ಕದವರಿಗೆ ಹೇಳುವ ಹಾಗೆ, ನನಗೆ ಕೇಳುವ ಹಾಗೆ ಹೇಳಿದರು: "ದೇವಿಗೆ ಹದಿನೆಂಟು ಕೈ ಉಂಟು. ನಾಲಗೆ ಮಾತ್ರ ಬಾಡಿಗೆಯದ್ದು."

ಬಸ್ಸಿನಲ್ಲಿ ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ. ಹಿರಿಯಡ್ಕಕ್ಕೆ ಹೋಗುವ ಬಸ್ಸು ಹಿಡಿಯಲು ಉಡುಪಿಯಲ್ಲಿ ಇಳಿಯುವಾಗ, "ನವರಾತ್ರಿಗೆ ಕಡಿಯಾಳಿಯಲ್ಲಿ ಮಾಡುವ," ಎಂದು ಮಾತ್ರ ಹೇಳಿ ಕೊಡೆ ಬಿಡಿಸಿಕೊಂಡು ಹೋದರು.

ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗದ ರೋಗ ಹಿಡಿಯಿತು. ಊಟಕ್ಕೆ ಕೂತರೆ ಅರ್ಧಕ್ಕೆ ಏಳುತ್ತಿದ್ದೆ. ಬಸ್ಸು ಬರುವುದನ್ನು ಕಾಯಲಾಗದೆ ಮಳೆಯಲ್ಲೇ ಗುಡ್ಡ ಹತ್ತಿ ಮಣಿಪಾಲಕ್ಕೆ ನಡೆಯುತ್ತಿದ್ದೆ. ನಿನ್ನದು ಏನಿದೆ? ನನ್ನ ಹೆಸರು ದೊಡ್ಡಪ್ಪ ಇಟ್ಟದ್ದು. ಕಥೆ ಅಜ್ಜಿಯದು. ಕನ್ನಡ ಪುರಾಣದ್ದು. ಕಚೇರಿಯಲ್ಲಿ ನಾನು ಬಡಿಯುವ ಇಂಗ್ಲಿಷಿನ ಒಂದು ಅಕ್ಷರವೂ ನನ್ನದಲ್ಲ. ಒಂದು ದಿನ ಮ್ಯಾನೇಜರು ಕರೆದು ಒಂದು ಕಾಗದ ಎದುರಿಗಿಟ್ಟರು. ಕಚೇರಿಗೆ ಬೇಕಾದ ಸಾಮಾನಿನ ಪಟ್ಟಿ. ಟೇಬಲ್ ಆರು, ಕುರ್ಚಿ ಹನ್ನೆರಡು, ಬೀರು ಎರಡು ಆದ ಮೇಲೆ ತ್ರಿಶೂಲ ಒಂದು ಎಂದು ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದೆ.

"ಇದನ್ನು ಅಂಗಡಿಗೆ ಕಳಿಸುವುದಾ ಕೈಲಾಸಕ್ಕಾ?" ಎಂದು ಕೇಳಿದರು. ಒಳ್ಳೆಯ ಮನುಷ್ಯ, ನಕ್ಕು ಬಿಟ್ಟರು.

ದೊಡ್ಡಪ್ಪನಿಗೆ ನನ್ನಷ್ಟೇ ಅವಮಾನವಾಗಿತ್ತು. ಅವರು ಪುನಃ ಕೂತು ಆರು ಪುಟ ಉತ್ತರ ಬರೆದರು. ದೇವತೆಗಳು ಕೊಟ್ಟ ತೇಜಸ್ಸು ಮೊದಲು ಅವರಿಗೆ ಬಂದದ್ದೇ ದೇವಿಯಿಂದ, ಸಾಲ ತಂದವರು ಅವರು, ಅವಳು ತನ್ನದನ್ನೇ ಹಿಂದೆ ಪಡೆದಳು, ಹಾಗಾಗಿ ಎಲ್ಲವೂ ಅವಳದ್ದೇ. ಉತ್ತರ ಸರಿ ಉಂಟು. ದೇವಿಯ ಬಾಯಲ್ಲಿ ಶೋಭಿಸುತ್ತದೆ. ಆದರೆ ಓದಿದ ಹಾಗೆ ನನಗೆ ಇನ್ನಷ್ಟು ಚಡಪಡಿಕೆ. ನನ್ನದು ಏನು ಎಂಬ ಪ್ರಶ್ನೆಗೂ ದೊಡ್ಡಪ್ಪನ ಉತ್ತರವನ್ನೇ ಹೇಳುವುದಾ?

ಕಾರ್ಕಳದಲ್ಲಿ ಒಬ್ಬ ಹಿರಿಯ ಅರ್ಥಧಾರಿ ಇದ್ದರು. ಜಿಲ್ಲೆಯಿಡೀ ಹೆಸರು. ಯಾರಿಗೂ ಹೇಳದೆ ಒಂದು ಭಾನುವಾರ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಗೋಳಿಬಜೆ ತಿನ್ನುತ್ತ ಕೂತಿದ್ದರು. ನನಗೂ ಎರಡು ಕೊಟ್ಟು, ಪ್ರಶ್ನೆ ಕೇಳಿ, ಕಣ್ಣು ಮುಚ್ಚಿಕೊಂಡು ಹತ್ತು ನಿಮಿಷ ಉತ್ತರ ಹೇಳಿದರು. ದೊಡ್ಡಪ್ಪ ಬರೆದ ಆರು ಪುಟಗಳು, ಅಕ್ಷರ ತಪ್ಪದೆ. ದೊಡ್ಡಪ್ಪ ಅದನ್ನು ಕಲಿತದ್ದು ಯಾರಿಂದ ಎಂದು ಆಗ ಗೊತ್ತಾಯಿತು.

"ಇದು ನಿಮಗೆ ಎಲ್ಲಿ ಸಿಕ್ಕಿತು?" ಎಂದು ಕೇಳಿದೆ.

"ನನ್ನ ಗುರುಗಳು ಹೇಳಿದ್ದು," ಎಂದು ಕೈ ಮುಗಿದರು.

ನಾನೂ ಕೈ ಮುಗಿದು ಎದ್ದು ಬಂದೆ. ಬಸ್ಸಿನಲ್ಲಿ ಸೀಟು ಇದ್ದರೂ ಉಡುಪಿಯವರೆಗೆ ನಿಂತುಕೊಂಡೇ ಬಂದೆ.

ಆಟಿ ಮುಗಿದು ಸೋಣ ತಿಂಗಳು ಬಂತು. ಮಳೆ ಸಣ್ಣದಾಗಿ, ನಡುನಡುವೆ ಬಿಸಿಲು. ಪದ್ದು ಮಾವ ನವರಾತ್ರಿಯ ಎಂಟನೆಯ ದಿನ ಮಧ್ಯಾಹ್ನವನ್ನು ಹೆಂಗಸರ ಕೂಟಕ್ಕೆ ಕೊಡಲು ಒಪ್ಪಿದರು, ಆದರೆ ದೇವಿಯನ್ನು ಬೇರೆ ಯಾರಾದರೂ ಮಾಡಬೇಕು ಎಂದರು. ಟೀಚರ್ ಮಾವನ ಜಗಲಿಯಲ್ಲೇ ನಿಂತು ಹೇಳಿದರಂತೆ: "ದೇವಿ ಅವಳೇ. ಬೇಡದಿದ್ದರೆ ಮಹಿಷನೂ ಬರುವುದಿಲ್ಲ. ನೀವೇ ಕೋಣ ಆಗಿ."

"ಆಗಲಿ ಮಾರಾಯ್ತಿ. ಆದರೆ ಇನ್ನೊಮ್ಮೆ ದೇವಿಯ ಬಾಯಿ ಕಟ್ಟಿದರೆ ಈ ಚಪ್ಪರದಲ್ಲಿ ಹೆಂಗಸರ ಕೂಟ ಅದೇ ಕೊನೆ," ಎಂದರಂತೆ ಪದ್ದು ಮಾವ. ಈಗ ನನ್ನೊಬ್ಬಳ ಮಾನ ಮಾತ್ರ ಅಲ್ಲ, ಹಿರಿಯಡ್ಕದ ಏಳು ಹೆಂಗಸರ ಶನಿವಾರಗಳೂ ನನ್ನ ಬಾಯಿಗೆ ಬಂದು ನಿಂತವು.

ಆ ವಾರ ಒಂದು ಮಧ್ಯಾಹ್ನ ಅಜ್ಜಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಅಲ್ಲೇ ಕೂತಿದ್ದೆ. ಬೇರೆ ಯಾರ ಹತ್ತಿರ ಹೋಗುವುದೆಂದು ತೋಚದೆ ಅವರ ಕೈ ಹಿಡಿದುಕೊಂಡೆ. ಬಲಗೈ, ಜೀವ ಇಲ್ಲದ್ದು. ಒಂದು ಬೆರಳು ಮಡಚಿ, "ಶಿವ ತ್ರಿಶೂಲ ಕೊಟ್ಟ," ಎಂದೆ ತುಳುವಿನಲ್ಲಿ. ಎರಡನೆಯದು ಮಡಚಿದೆ. ಬಲಗೈ ಮುಗಿಯಿತು, ಎಡಗೈ ಮುಗಿಯಿತು. ಅಜ್ಜಿ ಜಂತಿ ನೋಡುತ್ತಿದ್ದರು. ಹೊದಿಕೆ ಸರಿಸಿ ಕಾಲಿನ ಬೆರಳು ಎಣಿಸಿದೆ, ಎಡಗಾಲಿನ ಐದು, ಬಲಗಾಲಿನ ಮೂರು. ಹದಿನೆಂಟು ಆಯಿತು. ಅಲ್ಲಿಗೆ ನಿಲ್ಲಿಸಿದೆ. ಯಾಕೋ ಬಾಯಿಗೆ ಹಳೆಯ ಮಾತು ಬಂತು: "ಮತ್ತೆ? ಮತ್ತೆ ಎಂತ ಆಯ್ತು ಅಜ್ಜಿ?"

ಅಜ್ಜಿಯ ಕಣ್ಣು ಜಂತಿಯಿಂದ ಇಳಿದು ನನ್ನ ಮುಖಕ್ಕೆ ಬಂತು. ಬಾಯಿ ಒಂದು ಬದಿಗೆ ಸೊಟ್ಟಗಾಗಿ ತೆರೆಯಿತು. ಹೊಟ್ಟೆ ಅಲುಗಿತು. ಮಾತಿಲ್ಲದ ಗಂಟಲಿನಿಂದ ಒಂದು ಸ್ವರ ಹೊರಟಿತು, ಅಡ್ಡಾದಿಡ್ಡಿ, ಕೊನೆಗೆ ಕೆಮ್ಮಾಗಿ ಮುಗಿಯುವಂಥದ್ದು. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. "ಎಂತ ಆಯ್ತು? ಉಸಿರು ಕಟ್ಟಿತಾ?"

"ಇಲ್ಲಮ್ಮ. ನಗುತ್ತಿದ್ದಾರೆ."

ನಾನು ಜಗಲಿಗೆ ಓಡಿದೆ. ದೊಡ್ಡಪ್ಪನ ಪುರಾಣದ ಕಟ್ಟು ಬಿಚ್ಚಿ ಆ ಅಧ್ಯಾಯ ತೆಗೆದೆ. ಆಯುಧಗಳ ಸಾಲು ಮುಗಿಯುವಲ್ಲಿ ಬೆರಳಿಟ್ಟು ಓದಿದೆ. ಎಲ್ಲರೂ ಎಲ್ಲವನ್ನೂ ಕೊಟ್ಟಾದ ಮೇಲೆ, ಯುದ್ಧಕ್ಕೆ ಹೊರಡುವ ಮೊದಲು, ದೇವಿ ನಗುತ್ತಾಳೆ. ಗಟ್ಟಿಯಾಗಿ, ಮತ್ತೆ ಮತ್ತೆ, ಆಕಾಶ ತುಂಬುವ ಹಾಗೆ. ಅವಳು ತಾನಾಗಿ ಮಾಡಿದ ಮೊದಲ ಕೆಲಸ ಅದು. ಅದನ್ನು ಯಾವ ದೇವರೂ ಕೊಟ್ಟಿರಲಿಲ್ಲ. ಅಜ್ಜಿ ನಮ್ಮನ್ನು ನೋಡಿ ನಕ್ಕದ್ದಲ್ಲ. ಇಷ್ಟು ವರ್ಷ ಅವರು ಕಥೆಯನ್ನೇ ಹೇಳುತ್ತಿದ್ದರು, ನಾನು ಸೆರಗು ಎಳೆದು ಆ ಭಾಗವನ್ನು ಬೇಗ ಮುಗಿಸುತ್ತಿದ್ದೆ.

"ದೊಡ್ಡಪ್ಪ, ಇದನ್ನು ಯಾಕೆ ನೋಟುಪುಸ್ತಕದಲ್ಲಿ ಬರೆಯಲಿಲ್ಲ?"

ಅವರು ಕನ್ನಡಕ ಸರಿಮಾಡಿ ಸಾಲು ನೋಡಿದರು. "ನಗುವುದಕ್ಕೆ ಅರ್ಥ ಹೇಳಲಿಕ್ಕೆ ಎಂತ ಉಂಟು?" ಎಂದರು.

ಉತ್ತರ ಸಿಕ್ಕಿತಲ್ಲ, ಇನ್ನು ನೆಮ್ಮದಿ ಎಂದುಕೊಂಡರೆ ಅದೂ ಆಗಲಿಲ್ಲ. ನಾನು ಮಾಡಿದ ಕೆಲಸ ಕೇಳಿ. ನೋಟುಪುಸ್ತಕ ತೆಗೆದು ಅದನ್ನೇ ಬರೆಯಲು ಕೂತೆ. "ಮಹಿಷಾ, ನನ್ನದು ನಗು" ಎಂದು ಶುರುಮಾಡಿ ಮೂರು ಪುಟ. ನಾಲ್ಕು ಸಲ ತಿದ್ದಿದೆ, ಉಪಮೆ ಹಾಕಿದೆ, ತೆಗೆದೆ. ನನ್ನ ಬದುಕಿನಲ್ಲಿ ಮೊದಲ ಸಲ ನನ್ನದೇ ಎನಿಸಿದ ಮಾತು. ಅದನ್ನೂ ಬಾಯಿಪಾಠ ಮಾಡಿದೆ! ನಗುವನ್ನೂ ಅಭ್ಯಾಸ ಮಾಡಿದೆ. ಕನ್ನಡಿಯ ಎದುರು ನಕ್ಕರೆ ಕುರಿ ಕೆಮ್ಮಿದ ಹಾಗೆ ಬಂತು. ಕಚೇರಿಯ ಮೆಟ್ಟಿಲಿನಲ್ಲಿ ಯಾರೂ ಇಲ್ಲವೆಂದು ಒಮ್ಮೆ ಗಟ್ಟಿಯಾಗಿ ನಕ್ಕೆ. ಕೆಳಗಿನಿಂದ ಜವಾನ ಹತ್ತಿ ಬಂದು, "ಅಕ್ಕಾ, ಹುಷಾರಿದ್ದೀರಾ?" ಎಂದು ಕೇಳಿದ. ಮಹಿಷ ಆ ಪ್ರಶ್ನೆ ಕೇಳಬೇಕು, ನಾನು ನಗಬೇಕು, ಮೂರು ಪುಟ ಹೇಳಬೇಕು. ನವರಾತ್ರಿ ಬರುವವರೆಗೆ ಉಸಿರಿನಲ್ಲಿ ಇದೊಂದೇ.

ಎಂಟನೆಯ ದಿನ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಬಂದೆ. ಅರ್ಚಕರು ಕೊಟ್ಟ ಹಿಂಗಾರವನ್ನು ಬಲಗೈ ಮುಷ್ಟಿಯಲ್ಲಿ ಹಿಡಿದುಕೊಂಡೇ ಚಪ್ಪರದಲ್ಲಿ ಕೂತೆ. ಇಡೀ ಬೀದಿ ಬಂದಿತ್ತು. ಪದ್ದು ಮಾವ ಮುಂದಿನ ಬೆಂಚಿನಲ್ಲಿ, ಪಕ್ಕದಲ್ಲಿ ದೊಡ್ಡಪ್ಪ. ಅವರ ಮುಂದೆ ನೆಲದ ಚಾಪೆಯಲ್ಲಿ ಹೆಂಗಸರು, ಮಡಿಲಲ್ಲಿ ಮಲಗಿದ ಮಕ್ಕಳು.

ಆಯುಧಗಳ ವರ್ಣನೆ ಮುಗಿಸಿದೆ. ಸ್ವರ ಗಟ್ಟಿಯಾಗಿಯೇ ಇತ್ತು. ಆಮೇಲೆ ನಿಲ್ಲಿಸಿ, ಮಹಿಷನ ಮುಖ ನೋಡಿ, ಕಾದೆ. ಬಾ, ಕೇಳು, ನನ್ನದು ಏನಿದೆ ಎಂದು ಕೇಳು.

ಟೀಚರ್ ಕೇಳಲಿಲ್ಲ. ಮೀಸೆ ಇಲ್ಲದ ಕಡೆ ಮೀಸೆ ತಿರುವಿ, ಮದುಮಗನ ಹಾಗೆ ನಾಚಿಕೊಂಡರು.

"ಎಲೌ ಸುಂದರೀ, ಯುದ್ಧ ಯಾಕೆ? ನನ್ನನ್ನು ವರಿಸು. ನಾನು ಆಗಿನಿಂದ ಎಣಿಸುತ್ತಲೇ ಇದ್ದೇನೆ, ನಿನಗೆ ಹದಿನೆಂಟು ಕೈ! ನನ್ನ ಅರಮನೆಯಲ್ಲಿ ಇನ್ನು ಆಳುಗಳೇ ಬೇಡ. ಒಂದು ಕೈ ಅಕ್ಕಿ ಕಡೆಯಲಿ. ಒಂದು ತೆಂಗಿನಕಾಯಿ ತುರಿಯಲಿ. ಒಂದು ಬಾವಿಯಿಂದ ನೀರು ಸೇದಲಿ. ಒಂದು ಅಂಗಳ ಗುಡಿಸಲಿ. ಒಂದು ಹಾಲು ಕರೆಯಲಿ, ಆದರೆ ದನದ್ದು ಮಾತ್ರ. ಎಮ್ಮೆಯ ತಂಟೆಗೆ ಹೋಗಬೇಡ, ಅದು ನನ್ನ ತಾಯಿಯ ಕುಲ!"

ಚಪ್ಪರ ಗೊಳ್ಳೆಂದಿತು. ಟೀಚರ್ ನಿಲ್ಲಿಸಲಿಲ್ಲ. ಒಂದು ಕೈ ಪಾತ್ರೆ ತಿಕ್ಕಲಿ, ಒಂದು ಬಟ್ಟೆ ಒಗೆಯಲಿ, ಒಂದು ತೊಟ್ಟಿಲು ತೂಗಲಿ, ಒಂದು ಹಪ್ಪಳ ಒಣಗಿಸಲಿ, ಇನ್ನೊಂದು ಕಾಗೆ ಓಡಿಸಲಿ. ಹೀಗೆ ಕೈಯ ಮೇಲೆ ಕೈ ಹೇಳುತ್ತ ಹದಿನೇಳನೆಯದು ಬೀಸಣಿಗೆ ಬೀಸಲಿ, ಹದಿನೆಂಟನೆಯದು ತನ್ನ ಕಾಲು ಒತ್ತಲಿ ಎಂದು ಮುಗಿಸಿದರು.

ಪುಟಗಳು ಕೈಕೊಟ್ಟವು. ನೋಟುಪುಸ್ತಕದಲ್ಲಿ ಇದು ಇಲ್ಲ, ನನ್ನ ಮೂರು ಪುಟಗಳಲ್ಲಿಯೂ ಇಲ್ಲ. ಕಾಪುವಿನ ಮಳೆ ಪುನಃ ಕಿವಿಯಲ್ಲಿ ಕೇಳಿತು. ಪದ್ದು ಮಾವ ಕತ್ತು ಸ್ವಲ್ಪ ಓರೆ ಮಾಡಿದರು. ಭಾಗವತರು ತಾಳ ಕೈಗೆತ್ತಿಕೊಳ್ಳುವುದು ಕಂಡಿತು.

ಆಗ ಮುಂದಿನ ಚಾಪೆಯಲ್ಲಿ ಕೂತಿದ್ದ ಒಬ್ಬಳು ಹೆಂಗಸು, ಮಡಿಲಲ್ಲಿ ಮಗು ಮಲಗಿದ್ದವಳು, ತನ್ನ ಎರಡು ಕೈಗಳನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಇಷ್ಟೆಲ್ಲ ಕೆಲಸಕ್ಕೆ ತನಗೆ ಎರಡೇ ಉಂಟಲ್ಲ ಎಂಬ ಹಾಗೆ. ಪಕ್ಕದವಳು ಅದನ್ನು ಕಂಡು ಅವಳ ಭುಜಕ್ಕೆ ಒಂದು ಹೊಡೆದಳು.

ನನಗೆ ನಗು ಬಂತು.

ಕನ್ನಡಿಯ ನಗು ಅಲ್ಲ. ಹೊಟ್ಟೆಯ ಅಡಿಯಿಂದ, ತಡೆಯಲು ಆಗದ್ದು. ಬಾಯಿಗೆ ಸೆರಗು ಹಿಡಿಯಲು ಹೋದರೆ ಎದುರಿಗೆ ಮೈಕು, ಅದು ನನ್ನ ನಗುವನ್ನು ಬೀದಿಯ ತುದಿಯವರೆಗೆ ಒಯ್ದಿತು. ನಿಲ್ಲಿಸಿದೆ, ಪುನಃ ಬಂತು. ಭಾಗವತರು ತಾಳವನ್ನು ಮೆಲ್ಲಗೆ ಕೆಳಗಿಟ್ಟರು. ಮದ್ದಳೆಯವರು ಒಂದೇ ಒಂದು ಪೆಟ್ಟು ಕೊಟ್ಟರು. ಕಣ್ಣು ಒರೆಸಿಕೊಂಡು ಮಹಿಷನನ್ನು ನೋಡಿದೆ. ಮಾತು ಬರುವ ಮೊದಲು ಅದು ಯಾವುದೆಂದು ನನಗೂ ಗೊತ್ತಿರಲಿಲ್ಲ.

"ಮಹಿಷಾ, ಹದಿನೆಂಟು ಕೈಗಳಿಗೂ ಕೆಲಸ ಹೇಳಿದೆ. ಬಾಯಿಗೆ ಹೇಳಲು ಮರೆತೆ."

ಚಾಪೆಯ ಮೇಲಿನ ಹೆಂಗಸರಿಂದ ಎದ್ದ ಸದ್ದಿಗೆ ಮಡಿಲಿನ ಮಕ್ಕಳೆಲ್ಲ ಎಚ್ಚರವಾದವು. ಟೀಚರ್ ಒಮ್ಮೆ ಕಣ್ಣು ಮುಚ್ಚಿ ತೆರೆದರು, ಅಷ್ಟೇ. ಆಮೇಲೆ ನಾನು ಎಷ್ಟು ಹೊತ್ತು ಮಾತನಾಡಿದೆನೋ, ಏನು ಹೇಳಿದೆನೋ, ಇವತ್ತಿಗೂ ಸರಿಯಾಗಿ ನೆನಪಿಲ್ಲ. ಕಡೆಯುವ ಕಲ್ಲಿನ ಮಾತು ಬಂತು, ಬಾವಿಯ ಹಗ್ಗ ಬಂತು, ಕುಬೇರನ ಮಧುಪಾತ್ರೆಯ ಜೊತೆಗೆ ಅಜ್ಜಿಯ ಗಂಜಿಯ ಬಟ್ಟಲೂ ಬಂತು. ಪೆಟ್ಟಿಗೆಯ ಆ ಪಟ್ಟೆ ಸೀರೆಯ ಮಡಿಕೆ ಯಾವಾಗಲೋ ಕೆಟ್ಟಿತ್ತು.

ಮುಗಿದ ಮೇಲೆ ಪದ್ದು ಮಾವ ನನ್ನ ಹತ್ತಿರ ಬರಲಿಲ್ಲ. ದೊಡ್ಡಪ್ಪನನ್ನು ಕೇಳಿದರು: "ಇದು ನಿಮ್ಮ ಪುಸ್ತಕದಲ್ಲಿ ಇತ್ತಾ ಮಾಸ್ತ್ರೇ?"

"ಇಲ್ಲ," ಎಂದರು ದೊಡ್ಡಪ್ಪ. ಅವರಿಗೆ ಸಂತೋಷವಾಗಿತ್ತೋ ಬೇಸರವಾಗಿತ್ತೋ, ಮುಖದಲ್ಲಿ ಎರಡೂ ಇತ್ತು.

"ಹಾಗಾದರೆ ಬರುವ ವರ್ಷಕ್ಕೂ ಇವರದ್ದು ಒಂದು ಮಧ್ಯಾಹ್ನ ಇರಲಿ," ಎಂದು ಮಾವ ಹೊದ್ದ ಶಾಲು ಕೊಡವಿದರು.

ನಾನು ಟೀಚರನ್ನು ಚಪ್ಪರದ ಹಿಂದೆ ಹಿಡಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಟೀಚರ್, ಆ ಪ್ರಶ್ನೆಯನ್ನು ಯಾಕೆ ಕೇಳಲಿಲ್ಲ?"

"ಯಾವ ಪ್ರಶ್ನೆ?"

"ಕಾಪುವಿನಲ್ಲಿ ಕೇಳಿದ್ದು. ನಿನ್ನದು ಎಂಬುದು ಏನಿದೆ ಎಂದು."

ಟೀಚರ್ ಸ್ವಲ್ಪ ಯೋಚಿಸಿದರು. "ಹಾಗೆ ಕೇಳಿದ್ದೆನಾ ನಾನು? ನೆನಪಿಲ್ಲ ಮಾರಾಯ್ತಿ. ಆವತ್ತು ಬಾಯಿಗೆ ಬಂದಿರಬೇಕು," ಎಂದು ಎಲೆಯನ್ನು ಮಡಚಿ ಬಾಯಿಗೆ ಹಾಕಿಕೊಂಡರು.

ಎರಡೂವರೆ ತಿಂಗಳು ನನ್ನನ್ನು ಓಡಾಡಿಸಿದ್ದು ಕೇಳಿದವರಿಗೇ ನೆನಪಿಲ್ಲ! ಆ ಮೂರು ಪುಟಗಳು ಇವತ್ತಿಗೂ ನನ್ನ ಹತ್ತಿರ ಇವೆ, ಯಾವ ಕೂಟದಲ್ಲೂ ಹೇಳದೆ ಉಳಿದವು. ಆಮೇಲೆ ಎಷ್ಟೋ ಕೂಟಗಳಲ್ಲಿ ಕೂತೆ, ಕವಿತೆಗಳನ್ನೂ ಬರೆದೆ. ಬರೆಯಲು ಕೂತಾಗಲೆಲ್ಲ ಮೊದಲು ಬರುವುದು ಅದೇ ಚಡಪಡಿಕೆ, ಪುಟದಲ್ಲಿ ಇಲ್ಲದ ಪ್ರಶ್ನೆಯ ಎದುರು ಕೂತವಳ ಹಾಗೆ. ಅದು ಇಲ್ಲದೆ ಬರೆದದ್ದನ್ನು ನಾನೇ ಹರಿದು ಹಾಕಿದ್ದೇನೆ.

ಆ ಸಂಜೆ ಮನೆಗೆ ಬಂದಾಗ ಅಮ್ಮ ದೀಪ ಹಚ್ಚುತ್ತಿದ್ದಳು. ನಾನು ನೇರ ಒಳಗಿನ ಕೋಣೆಗೆ ಹೋಗಿ ಅಜ್ಜಿಯ ಹತ್ತಿರ ಕೂತೆ. ಮುಷ್ಟಿ ಬಿಚ್ಚಿದರೆ ಬೆಳಗಿನ ಹಿಂಗಾರ ಕಂದಿ, ಬೆವರು ಹಿಡಿದು, ಹುಳಿ ವಾಸನೆ ಬರುತ್ತಿತ್ತು. ಅದನ್ನೇ ಅವರ ಎಡಗೈಗೆ ಹಾಕಿದೆ. ಮೂಗಿನ ಹತ್ತಿರ ಒಯ್ದುಕೊಂಡರು.

"ಅಜ್ಜಿ, ಇವತ್ತು ಮಹಿಷ ಎಂತ ಹೇಳಿದ ಗೊತ್ತುಂಟಾ?" ಎಂದು ಬಲಗೈ ಹಿಡಿದು ಶುರುಮಾಡಿದೆ. ಅಕ್ಕಿ ಕಡೆಯುವುದು, ಒಂದು ಬೆರಳು. ತೆಂಗಿನಕಾಯಿ ತುರಿಯುವುದು, ಎರಡು. ನೀರು ಸೇದುವುದು, ಅಂಗಳ ಗುಡಿಸುವುದು, ಹಾಲು ಕರೆಯುವುದು. ಎಮ್ಮೆಯ ಮಾತಿಗೆ ಅವರ ಹೊಟ್ಟೆ ಸ್ವಲ್ಪ ಅಲುಗಿತು. ಹಿಂಗಾರ ಹಿಡಿದ ಕೈಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಹತ್ತನೆಯದಕ್ಕೆ ಬಂದೆ. ಇನ್ನೂ ಎಂಟು ಕೆಲಸ ಉಳಿದಿತ್ತು. ಬೆರಳು ಮುಗಿದಿತ್ತು. ನಾನು ಮಾತು ನಿಲ್ಲಿಸಿ ಅವರ ಮುಖ ನೋಡಿದೆ.

ಹೊದಿಕೆಯ ಅಡಿಯಲ್ಲಿ ಏನೋ ಸರಿದಾಡಿತು. ಅಜ್ಜಿ ಎಡಗಾಲನ್ನು ತಾವೇ ಹೊರಗೆ ಚಾಚಿದರು.